ಕೆಂಪುದಾರದ ಹೇಂಟೆಗೆ ಹಾಕಿದ ಮದ್ದು

ಮದುವೆಯಾಗದ ಹೆಣ್ಣುಮಗಳು ಔಷಧದ ಅಂಗಡಿಗೆ ಹೋಗಿ ಗಂಡಸುತನದ ಇಂಜೆಕ್ಷನ್ ಕೇಳಬಾರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರವತ್ತರ ದಶಕದ ಆರಂಭದ ಮಾತು. ದಾವಣಗೆರೆಯ ಬಜಾರಿನ ಆ ಅಂಗಡಿಯವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನನ್ನ ಮುಖ ನೋಡಿದರು, ಕೊರಳು ನೋಡಿದರು, ಅಲ್ಲಿ ತಾಳಿ ಕಾಣದೆ ಮತ್ತೆ ಮುಖ ನೋಡಿದರು.

“ಯಾರಿಗ್ರಿ ಇದು? ಅಪ್ಪಾರಿಗಾ?”

“ಕೋಳಿಗೆ,” ಎಂದೆ.

“ಹುಂಜ ಸೋತೈತೇನು?”

“ಹುಂಜಕ್ಕಲ್ರಿ, ಹ್ಯಾಟೆಗೆ.”

ಪಕ್ಕದಲ್ಲಿ ಕೆಮ್ಮಿನ ಔಷಧಕ್ಕೆ ಕಾಯುತ್ತಿದ್ದ ಇಬ್ಬರು ಕೆಮ್ಮುವುದನ್ನೇ ಮರೆತರು. ಅಂದಿನಿಂದ ನಾನು ಆ ಬೀದಿಯಲ್ಲಿ ನಡೆದರೆ ಯಾವುದಾದರೂ ಕಟ್ಟೆಯ ಮೇಲಿಂದ ಯಾರಾದರೊಬ್ಬ ಕೊಕ್ಕೊಕ್ಕೋ ಎನ್ನುತ್ತಿದ್ದ. ಕೂಗಿಕೊಳ್ಳಲಿ, ಗಂಟಲು ಅವರದು, ನನ್ನದೇನು ಹೋಯಿತು ಎಂದು ನಾನು ಸೀರೆಯ ಸೆರಗು ಬಿಗಿದುಕೊಂಡು ನಡೆಯುತ್ತಿದ್ದೆ.

ನಾನು ಹರಿಹರದವಳು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸುವ ಕೆಲಸ ಸಿಕ್ಕಿತ್ತು. ಅದರ ಜೊತೆಗೆ ಡಾಕ್ಟರೇಟಿನ ಹುಚ್ಚು ಹತ್ತಿತ್ತು. ಮೈಯೊಳಗೆ ಹನಿಯಷ್ಟು ಒಸರುವ ಹಾರ್ಮೋನು ಪ್ರಾಣಿಯ ನಡತೆಯನ್ನೇ ಹೇಗೆ ತಿರುಗಿಸಿಬಿಡುತ್ತದೆ ಎನ್ನುವುದು ನನ್ನ ವಿಷಯ. ಕೆಲವು ಕೋಳಿಗಳನ್ನು ಒಂದೇ ಗೂಡಿಗೆ ಬಿಟ್ಟರೆ, ಯಾರು ಯಾರನ್ನು ಕುಕ್ಕಬೇಕು ಎನ್ನುವುದು ಬೇಗನೆ ತೀರ್ಮಾನವಾಗುತ್ತದೆ. ಮೇಲಿನದು ಎಲ್ಲವನ್ನೂ ಕುಕ್ಕುತ್ತದೆ. ತೀರ ಕೆಳಗಿನದು ಎಲ್ಲರಿಂದ ಕುಕ್ಕಿಸಿಕೊಂಡು, ಉಳಿದ ಕಾಳು ತಿಂದು, ಮೂಲೆಯಲ್ಲಿ ನಿಲ್ಲುತ್ತದೆ. ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ನನ್ನ ಜಾಗ ಎಲ್ಲಿ ಎಂದು ಗೊತ್ತಿದ್ದ ನನಗೆ ಇದನ್ನು ತಿಳಿಯಲು ಬಹಳ ಪುಸ್ತಕ ಓದಬೇಕಾಗಲಿಲ್ಲ. ಆ ತೀರ ಕೆಳಗಿನ ಹೇಂಟೆಗೆ ಗಂಡು ಹಾರ್ಮೋನು ಚುಚ್ಚಿದರೆ ಅದು ಮೇಲಕ್ಕೆ ಏರುತ್ತದೆಯೇ ಎಂದು ನೋಡುವುದು ನನ್ನ ಪ್ರಯೋಗವಾಗಿತ್ತು.

ಕೋಳಿಗೂಡಿಗೆ ಕಾಲೇಜಿನಲ್ಲಿ ಜಾಗ ಕೇಳಿದೆ. ಪ್ರಿನ್ಸಿಪಾಲರು, “ಸರಸ್ವತಿಯ ಆವರಣದಲ್ಲಿ ಕೋಳಿ ಕೂಗಿದರೆ ಜನ ಏನಂದಾರಮ್ಮ?” ಎಂದರು. ಅಧ್ಯಾಪಕರು ಕೂಗಿದರೆ ಏನೂ ಅನ್ನುವುದಿಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹರಿಹರದ ಮನೆಯಲ್ಲಿ ಅವ್ವನನ್ನು ಕೇಳಿದೆ. “ಕೋಳಿ ಕುಂಡಿಗೆ ಸೂಜಿ ಚುಚ್ಚೋದು ಒಂದು ಓದೇನೆ? ನಿನ್ನ ಓದಿಗೆ ಬೆಂಕಿ ಬೀಳ,” ಎಂದು ಪೊರಕೆ ಹಿಡಿದಳು. ಕೊನೆಗೆ ನಿಟ್ಟುವಳ್ಳಿಯಲ್ಲಿ ಹಿತ್ತಲಿದ್ದ ಒಂದು ಮನೆಯ ಮುಂಗೋಣೆ ಬಾಡಿಗೆಗೆ ಸಿಕ್ಕಿತು. ಆಗ ನಿಟ್ಟುವಳ್ಳಿ ಊರಿಗೆ ಅಂಟಿಕೊಂಡ ಹಳ್ಳಿಯೇ. ಬೆಳಿಗ್ಗೆ ಹತ್ತಿ ಗಿರಣಿಯ ಕೂಗು, ಅದಕ್ಕೂ ಮೊದಲು ಕೋಳಿಯ ಕೂಗು. ಇನ್ನೊಂದಷ್ಟು ಕೋಳಿ ಬಂದರೆ ಅಲ್ಲಿ ಯಾರಿಗೂ ತಕರಾರಿರಲಿಲ್ಲ. ಮೊಟ್ಟೆಯೆಲ್ಲ ಮನೆಯೊಡತಿಗೆ ಎನ್ನುವ ಕರಾರಿನ ಮೇಲೆ ಗೂಡು ಎದ್ದಿತು.

ಆ ಮನೆಯೊಡತಿ ಗಂಡನನ್ನು ಕಳೆದುಕೊಂಡ, ಗಟ್ಟಿ ಮೈಯ, ಗಟ್ಟಿ ಗಂಟಲಿನ ಹೆಂಗಸು. ಒಬ್ಬನೇ ಮಗ, ಹತ್ತಿ ಗಿರಣಿಯಲ್ಲಿ ಕೆಲಸ. ತಲೆಯ ಮೇಲೆ ಸದಾ ಅರಳೆಯ ಎಳೆ, ಬಾಯಲ್ಲಿ ಸದಾ “ಹೂಂ ಅವ್ವ.” ಸೊಸೆ ಕೊಕ್ಕನೂರಿನ ಕಡೆಯವಳು. ಆಕೆಗೆ ಸಾಲಾಗಿ ಮೂರು ಹೆಣ್ಣುಮಕ್ಕಳು, ನಾಲ್ಕನೆಯದು ಹೊಟ್ಟೆಯಲ್ಲಿ. ಆ ಮನೆಯಲ್ಲಿ ಕುಕ್ಕುವ ಸರದಿ ಹೇಗಿತ್ತೆಂದು ಹೇಳಬೇಕಾಗಿಲ್ಲ. ಅತ್ತೆ ಮಗನನ್ನು ಬೈದರೆ ಮಗ ಹೆಂಡತಿಯನ್ನು ಬೈಯುತ್ತಿದ್ದ, ಹೆಂಡತಿ ಬೈಯಲು ಯಾರೂ ಇಲ್ಲದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಆ ಮನೆಗೆ ಹೋದ ಮೊದಲ ತಿಂಗಳು ಅವಳ ದನಿ ಹೇಗಿದೆಯೆಂದೇ ನನಗೆ ಗೊತ್ತಾಗಲಿಲ್ಲ.

ಅತ್ತೆ ಯಾವುದನ್ನೂ ಮುಚ್ಚಿಡುವ ಪೈಕಿಯಲ್ಲ. ಸೊಸೆ ನೀರು ತರುವಾಗ, ಅಂಗಳ ಗುಡಿಸುವಾಗ, ಅವಳಿಗೆ ಕೇಳುವಂತೆಯೇ ನನಗೆ ಹೇಳುತ್ತಿದ್ದಳು: “ಈ ಸಲಾನೂ ಹೆಣ್ಣಾತು ಅಂದ್ರ ಮುಗೀತು ಮೇಡಮ್ಮ. ಭಾನುವಳ್ಳ್ಯಾಗ ಒಂದು ಹುಡುಗೀನ ನೋಡಿಟ್ಟೀನಿ. ಮಗ್ನಿಗೆ ಎರಡನೇ ಸಂಬಂಧ ಮಾಡಿ, ಈಕೀನ ಮಕ್ಳ ಸಮೇತ ಕೊಕ್ಕನೂರಿಗೆ ಕಳಿಸಿಬಿಡ್ತೀನಿ.”

“ಈಗ ಕಾಯಿದೆ ಬಂದೈತೆ ಅವ್ವ, ಹಂಗೆಲ್ಲ ಎರಡು ಕಟ್ಟಿಕೊಳ್ಳೋಹಾಂಗಿಲ್ಲ,” ಎಂದೆ.

“ಕಾಯಿದೆ ಬಂದು ನನ್ನ ಮನಿ ದೀಪ ಹಚ್ತೈತೇನು?” ಎಂದಳು. ಸೊಸೆ ಗುಡಿಸುತ್ತಲೇ ಇದ್ದಳು. ನನಗೆ ಮೈ ಉರಿಯಿತು. ಆದರೆ ಗೂಡು ಅವರ ಹಿತ್ತಲಲ್ಲಿತ್ತು.

ಕೋಳಿಗಳಿಗೆ ಹೆಸರಿರಲಿಲ್ಲ. ಗುರುತಿಗೆ ಕಾಲಿಗೆ ಬಣ್ಣದ ದಾರ ಕಟ್ಟಿದ್ದೆ. ತೀರ ಕೆಳಗಿನದಕ್ಕೆ ಕೆಂಪುದಾರ. ಪಾಪದ್ದು, ನೆತ್ತಿಯ ಮೇಲೆ ಪುಕ್ಕವೇ ಇರಲಿಲ್ಲ. ಎಲ್ಲವೂ ಸೇರಿ ಕುಕ್ಕಿ ಬೋಳಿಸಿದ್ದವು. ಅದರ ಎದೆಯ ಮಾಂಸಕ್ಕೆ ಎಣ್ಣೆಯಲ್ಲಿ ಕರಗಿಸಿದ ಗಂಡು ಹಾರ್ಮೋನು ಚುಚ್ಚತೊಡಗಿದೆ. ಮೊದಲು ಮೊಟ್ಟೆ ನಿಂತಿತು, ಮನೆಯೊಡತಿ ಗೊಣಗಿದಳು. ಆಮೇಲೆ ಜುಟ್ಟು ಬೆಳೆಯಿತು, ಕೆಂಪಗೆ ದಾಸವಾಳದ ಹಾಗೆ. ಒಂದು ದಿನ ಕಾಳು ಹಾಕುವಾಗ ನೋಡುತ್ತೇನೆ, ಅದು ಗೂಡಿನ ಯಜಮಾನಿ ಕೋಳಿಯ ಮುಂದೆ ಎದೆ ಸೆಟೆಸಿ ನಿಂತಿದೆ! ಯಜಮಾನಿ ಕುಕ್ಕಿತು. ಇದು ಹಾರಿ ಅದರ ಕತ್ತು ಹಿಡಿಯಿತು. ಯಜಮಾನಿ ಕಿರುಚಿಕೊಂಡು ಮೂಲೆ ಸೇರಿತು. ನಾನು ಹಿತ್ತಲಲ್ಲಿ ಒಬ್ಬಳೇ ಕುಣಿದೆ. ಪರೀಕ್ಷೆಗೆಂದು ಸಂತೆಯಿಂದ ಹೊಸದೊಂದು ಕೋಳಿ ತಂದು ಬಿಟ್ಟರೆ, ಕೆಂಪುದಾರ ಅದನ್ನು ನೆಲಕ್ಕೆ ಕೆಡವಿ ಅದರ ಜುಟ್ಟು ಹರಿದು ಹಾಕಿತು. ಮನೆಯೊಡತಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, “ಎಲಾ ಇದರ! ಆ ಬಡಕೋಳಿ ಹೊಸಾದನ್ನ ಗೂಡಿಗೆ ಕಾಲಿಡಾಕ ಬಿಡಲಿಲ್ಲವಲ್ಲ,” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅದರ ಮುಂದಿನ ವಾರ ಒಂದು ಬೆಳಿಗ್ಗೆ ಕೆಂಪುದಾರ ಬೇಲಿಯ ಕಲ್ಲು ಹತ್ತಿ, ಕತ್ತು ಚಾಚಿ, ಒಡಕು ದನಿಯಲ್ಲಿ ಕೂಗಿತು. ಹೊಸದಾಗಿ ಮೀಸೆ ಬಂದ ಹುಡುಗ ಹಾಡಿದಂತಿತ್ತು, ಆದರೂ ಅದು ಕೂಗೇ.

ಬೇರೆ ದೇಶದಲ್ಲಾದರೆ ಚಪ್ಪಾಳೆ ತಟ್ಟುತ್ತಿದ್ದರೇನೋ. ನಮ್ಮಲ್ಲಿ ಹೇಂಟೆ ಕೂಗಿದರೆ ಮನೆಗೆ ಕೇಡು, ಕೂಗಿದ ಹೇಂಟೆಯನ್ನು ಅವತ್ತೇ ಕೊಯ್ಯಬೇಕು. ಮನೆಯೊಡತಿ ಕುಡುಗೋಲು ಹಿಡಿದೇ ಹಿತ್ತಲಿಗೆ ಬಂದಳು. ನಾನು ಹಲ್ಲುಪುಡಿ ಬಾಯಲ್ಲೇ ಓಡಿ ಹೋಗಿ ಅಡ್ಡ ನಿಂತೆ.

“ಬ್ಯಾಡ್ರಿ ಅವ್ವ, ಬ್ಯಾಡ! ಇದು ಅಪಶಕುನ ಅಲ್ಲ. ತಾನಾಗಿ ಕೂಗಿದ್ದಲ್ಲ ಅದು. ನಾನು ಮದ್ದು ಹಾಕೀನಿ, ಅದಕ್ಕೇ ಕೂಗ್ತೈತೆ.”

ಆ ಒಂದು ಮಾತು! ಇಂಜೆಕ್ಷನ್ ಎನ್ನಬಹುದಿತ್ತು, ಔಷಧಿ ಎನ್ನಬಹುದಿತ್ತು. ಹಳ್ಳಿಯವರಿಗೆ ಸುಲಭವಾಗಲಿ ಎಂದು ನಾನು ಜಾಣತನ ಮಾಡಿ ಮದ್ದು ಎಂದೆ. ನಮ್ಮ ಕಡೆ ಔಷಧಿ ಬೇರೆ, ಮದ್ದು ಬೇರೆ. ಔಷಧಿ ಡಾಕ್ಟರು ಕೊಡುವುದು, ಕುಡಿದರೆ ಇಳಿದು ಹೋಗುತ್ತದೆ. ಮದ್ದು ಅನ್ನದಲ್ಲಿ ಕಲಸಿ ಕೊಡುವುದು. ಗಂಡನನ್ನು ಒಲಿಸಿಕೊಳ್ಳಲು, ಆಗದವರನ್ನು ಒಣಗಿಸಲು, ಮನೆ ಒಡೆಯಲು. ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಯಾರಾದರೂ ಬಲ್ಲವರು ಕಕ್ಕಿಸುವ ತನಕ. ಮನೆಯೊಡತಿ ಕುಡುಗೋಲು ಕೆಳಗಿಳಿಸಿದಳು. ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು.

“ಹ್ಯಾಟೇನ ಹುಂಜ ಮಾಡೋ ಮದ್ದು ಐತೇನು ನಿನ್ನತ್ರ?” ಎಂದು ಪಿಸುಗುಟ್ಟಿದಳು.

ಆಮೇಲೆ ಶುರುವಾಯಿತು ನನ್ನ ಸೇವೆ. ಬೆಳಿಗ್ಗೆ ಬಿಸಿ ರೊಟ್ಟಿ, ಬೆಣ್ಣೆ, ಸಂಜೆ ಮಂಡಕ್ಕಿ. ಕೋಳಿಗೂಡಿನ ಕಸ ಅವಳೇ ತೆಗೆದಳು. ಈ ಪ್ರೀತಿ ಯಾತಕ್ಕೆ ಎಂದು ಹೊಳೆಯುವಷ್ಟರಲ್ಲಿ ಅವಳೇ ಬಂದು ನನ್ನ ಚಾಪೆಯ ಮೇಲೆ ಕೂತಳು.

“ನನ್ನ ಸೊಸೀಗೂ ಒಂಚೂರು ಹಾಕವ್ವ ಆ ಮದ್ದು. ಹೊಟ್ಟ್ಯಾಗಿರೋದು ಹೆಣ್ಣಿದ್ರ ಗಂಡಾಗ್ತೈತೆ. ಕೂಸು ಹೊರಗ ಬರೋತನಕ ಹಸಿ ಮಣ್ಣು, ಹೆಂಗೆ ತಿದ್ದಿದ್ರ ಹಂಗ.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಸುರಿಯ ಮೈಗೆ ಅದು ಹೋದರೆ ಹೆಣ್ಣುಕೂಸಿನ ಅಂಗವೇ ಕೆಡಬಹುದು, ಅತ್ತ ಗಂಡೂ ಅಲ್ಲ, ಇತ್ತ ಹೆಣ್ಣೂ ಅಲ್ಲದಂತಾಗಬಹುದು. ಅದನ್ನು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು, ಕೇಳಲಿಲ್ಲ. ಕೊನೆಗೆ ಕೋಪ ಬಂದು ನಿಜ ಹೇಳಿಯೇಬಿಟ್ಟೆ.

“ನೋಡ್ರಿ ಅವ್ವ, ಕೋಳಿ ಜಾತೀಲಿ ಮರಿ ಹುಂಜವೋ ಹ್ಯಾಟೆಯೋ ಅನ್ನೋದು ತಾಯಿ ಮೇಲೆ ಹೋಗ್ತೈತೆ. ಮನುಷ್ಯರಲ್ಲಿ ಹಂಗಲ್ಲ. ಇಲ್ಲಿ ಗಂಡೋ ಹೆಣ್ಣೋ ಅನ್ನೋದು ಗಂಡಸಿನ ಬೀಜದ ಮೇಲೆ. ಹೊಲಕ್ಕೆ ಜೋಳ ಬಿತ್ತಿ ಶೇಂಗಾ ಬೆಳೀಲಿಲ್ಲ ಅಂತ ಹೊಲಾನ ಬೈತೀರೇನು? ಬಿತ್ತಿದವರನ್ನ ಕೇಳ್ರಿ.”

“ಏನಂದಿ?” ಮನೆಯೊಡತಿ ಎದ್ದು ನಿಂತಳು. “ನನ್ನ ಮಗ್ನ ಬೀಜಕ್ಕ ಏನಾಗೈತೆ? ಏನೋ ನಾಲ್ಕಕ್ಷರ ಕಲ್ತಾಳ ಅಂತ ಮನಿಯಾಗ ಇಟ್ಕಂಡ್ರ ನನ್ನ ಮಗ್ನ ಬೀಜಾನೇ ಹೀಯಾಳಿಸ್ತೀಯೇನು? ನಿನ್ನ ಇಸ್ಕೂಲು ಹಾಳಾಗ!”

ಒಳಗೆ ರೊಟ್ಟಿ ತಟ್ಟುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಮರುದಿನದಿಂದ ಬೆಣ್ಣೆಯೂ ನಿಂತಿತು. ನಾನು ಇಂಜೆಕ್ಷನ್ನಿನ ಡಬ್ಬಿಯನ್ನು ಕಾಲೇಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಸದ್ಯ ಬಚಾವು ಎಂದುಕೊಂಡೆ.

ಹೇಂಟೆ ಕೂಗಿದ ಸುದ್ದಿ ಧಾರವಾಡದಲ್ಲಿದ್ದ ನನ್ನ ಗುರುಗಳಿಗೆ ತಲುಪಿತ್ತು. ನನ್ನ ಸಂಶೋಧನೆಗೆ ಮಾರ್ಗದರ್ಶನ ಮಾಡುತ್ತಿದ್ದ ಈ ಗುರುಗಳು ಯಾರ ಮಾತನ್ನೂ ನಂಬುವವರಲ್ಲ. ಕಿವಿಯಾರೆ ಕೇಳಬೇಕು, ಒಂದು ಭಾನುವಾರ ರೈಲಿಗೆ ಬರುತ್ತೇನೆ ಎಂದು ಹೇಳಿಕಳಿಸಿದರು. ನಾನು ಹಿಂದಿನ ದಿನವೇ ಕೆಂಪುದಾರಕ್ಕೆ ಇನ್ನೊಂದು ಇಂಜೆಕ್ಷನ್ ಚುಚ್ಚಿ, ನಾಳೆ ಮರ್ಯಾದೆ ಉಳಿಸು ತಾಯಿ ಎಂದು ಅದರ ಬೆನ್ನು ಸವರಿದೆ. ಭಾನುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ಗುರುಗಳನ್ನು ಜಟಕಾದಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಅದರ ಜುಟ್ಟಿನ ವರ್ಣನೆ ಮಾಡುತ್ತ ಬಂದೆ.

ಬಂದು ನೋಡಿದರೆ ಗೂಡಿನಲ್ಲಿ ಉಳಿದೆಲ್ಲ ಕೋಳಿಗಳಿವೆ, ಕೆಂಪುದಾರ ಇಲ್ಲ.

“ಬೆಕ್ಕು ಹಿಡಕಂಡು ಹೋತು,” ಎಂದಳು ಮನೆಯೊಡತಿ, ನನ್ನ ಕಡೆ ನೋಡದೆ. ಗೂಡಿನ ಯಜಮಾನಿಯನ್ನೇ ಓಡಿಸಿದ ಕೋಳಿಯನ್ನು ಹಿಡಿಯುವ ಬೆಕ್ಕು ನಿಟ್ಟುವಳ್ಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಳಗಿನಿಂದ ಹುರಿದ ಕೊಬ್ಬರಿ, ಗಸಗಸೆ, ಬೆಳ್ಳುಳ್ಳಿಯ ಘಮ ಬೀದಿಯ ತನಕ ಬರುತ್ತಿತ್ತು. ನಾನು ಅತ್ತ ನೋಡಿದ್ದನ್ನು ಕಂಡು, “ನಿಮ್ಮ ಗುರುಗಳು ಬರ್ತಾರಂತ ನನ್ನ ಮಗ ಸಂತ್ಯಾಗಿಂದ ಬ್ಯಾರೇ ಕೋಳಿ ತಂದಾನ,” ಎಂದಳು. ಪಕ್ಕದಲ್ಲಿದ್ದ ಮಗ “ಹೂಂ ಅವ್ವ” ಎಂದ.

ಗುರುಗಳು ಕೆಂಪುದಾರವಿಲ್ಲದ ಗೂಡಿನ ಮುಂದೆ ಕೈಕಟ್ಟಿ ನಿಂತು, ಕೂಗದ ಕೋಳಿಯ ಬಗ್ಗೆ ನಾನು ಬರೆಯಬಾರದು, ಅವರು ಓದಬಾರದು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಕನ್ನಡದಲ್ಲಿ, “ಅಡುಗೆ ಮಾತ್ರ ಭಾಳ ಘಮ್ ಅಂತದ,” ಎಂದರು. ನನಗೆ ಅಳು ಬಂತು. ಕಾಲೇಜು ಜಾಗ ಕೊಡದಿದ್ದರೂ, ಅವ್ವನ ಪೊರಕೆ ತಪ್ಪಿಸಿ, ಬಜಾರಿನಲ್ಲಿ ಕೊಕ್ಕೊಕ್ಕೋ ಅನ್ನಿಸಿಕೊಂಡು ಬೆಳೆಸಿದ ಕೋಳಿ ಅದು.

ಊಟಕ್ಕೆ ಕೂತೆವು. ಮನೆಯೊಡತಿ, ಊರಮ್ಮನಿಗೆ ಒಂದು ಕಾಯಿ ಒಡೆಸಿಕೊಂಡು ಬರುತ್ತೇನೆಂದು ಗುಡಿಗೆ ಹೊರಟಳು. ಹೊರಡುವ ಮೊದಲು ಸೊಸೆಯ ಕಿವಿಯಲ್ಲಿ ಏನೋ ಹೇಳಿದಳು, ಬೆರಳು ಎತ್ತಿ ಇನ್ನೊಮ್ಮೆ ಹೇಳಿದಳು. ಮಗನೂ ತಾಯಿಯ ಹಿಂದೆ ಹೋದ. ನಾನು ಸಿಟ್ಟಿಗೆ ಮಜ್ಜಿಗೆ ಅನ್ನ ಮಾತ್ರ ತಿಂದೆ. ಸೊಸೆ ತಲೆಬಗ್ಗಿಸಿ ಗುರುಗಳಿಗೆ ಬಡಿಸಿದಳು. ದೊಡ್ಡ ಪಾತ್ರೆಯಿಂದ ಸಾರು, ಪಕ್ಕದ ಒಂದು ಪುಟ್ಟ ಗಡಿಗೆಯಿಂದ ತುಂಡು; ಯಾವುದು ಎಲ್ಲಿಂದ ಬಂತೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗುರುಗಳು ಬೇಡ ಎನ್ನುವವರಲ್ಲ. ಬಡಿಸಿದಷ್ಟೂ ತಿಂದರು, ಎಲುಬು ಚೀಪಿದರು, ಸೊಸೆಯನ್ನು ಹೊಗಳಿದರು. ಇನ್ನೊಂದು ಹೇಂಟೆಯನ್ನು ಕೂಗಿಸಿದರೆ ಮತ್ತೆ ಬರುತ್ತೇನೆ ಎಂದು ತೇಗಿ, ಸಂಜೆಯ ರೈಲಿಗೆ ಹೊರಟುಹೋದರು.

ಅವರನ್ನು ಕಳಿಸಿ ಬಂದು ಕೈತೊಳೆಯಲು ಹಿತ್ತಲಿಗೆ ಹೋದಾಗ ಒಲೆಯ ಬೂದಿ ಚೆಲ್ಲುವ ಜಾಗದಲ್ಲಿ ಒಂದು ಅರೆಸುಟ್ಟ ದಾರ ಕಂಡಿತು. ಕೆಂಪು.

ನಾನು ಅದನ್ನು ಹಿಡಿದು ಒಳಗೆ ನುಗ್ಗಿದೆ. “ಯಾರನ್ನ ಕೇಳಿ ನನ್ನ ಕೋಳಿ ಕೊಯ್ದ್ರಿ?”

“ಕೋಳೀನ ಕೇಳಿ ಮಸಾಲಿ ಅರೀತಾರೇನು?” ಎಂದಳು ಮನೆಯೊಡತಿ, ಒಂದಿಷ್ಟೂ ಅಳುಕದೆ.

“ಕೋಳೀನ ಅಲ್ಲ, ನನ್ನನ್ನ!”

“ನಿನ್ನನ್ನ ಕೇಳಿದ್ದೆ. ಕೊಡಲಿಲ್ಲ. ನೀನು ಕೊಡದಿದ್ರ ಕೋಳಿ ಹೊಟ್ಟ್ಯಾಗ ಇರ್ಲಿಲ್ಲೇನು? ಎದಿ ಮಾಂಸ, ಹೊಟ್ಟ್ಯಾಗಿನ ಕಲ್ಲುಗಂಟು ಎಲ್ಲಾ ಬ್ಯಾರೇ ಗಡಿಗ್ಯಾಗ ಬೇಯಿಸಿ ಸೊಸೀಗೆ ಇಟ್ಟಿದ್ದೆ. ತಿಂದಾಳ. ಎಲುಬು ನೋಡೀನಿ.”

ಕಲ್ಲುಗಂಟೆಂದರೆ ಕೋಳಿ ನುಂಗಿದ ಕಾಳನ್ನು ಅರೆಯುವ ಗಟ್ಟಿ ಹೊಟ್ಟೆ. ಮದ್ದು ಅದರಲ್ಲೇ ಗಂಟುಕಟ್ಟಿ ಕೂತಿರುತ್ತದೆ ಎಂದು ಅವಳ ಲೆಕ್ಕ. ಮದ್ದು ಎಂದ ಮೇಲೆ ಉಂಡರೆ ತಾನೇ ಹತ್ತುವುದು! ತಪ್ಪು ಲೆಕ್ಕವಾದರೂ ಉತ್ತರ ನನ್ನ ಜೀವ ಹಿಂಡುವಂಥದ್ದೇ ಆಗಿತ್ತು. ಹಿಂದಿನ ದಿನವಷ್ಟೇ ನಾನು ಚುಚ್ಚಿದ ಎಣ್ಣೆ ಆ ಎದೆಯ ಮಾಂಸದಲ್ಲೇ ಇತ್ತು. ಬೆಂದ ಮಾಂಸದಲ್ಲಿ ಎಷ್ಟು ಉಳಿಯುತ್ತದೆ, ಹೊಟ್ಟೆಯಿಂದ ಎಷ್ಟು ಮೈಗೆ ಹೋಗುತ್ತದೆ, ನನಗೆ ಖಂಡಿತವಾಗಿ ಗೊತ್ತಿರಲಿಲ್ಲ. ಬಹುಶಃ ಏನೂ ಆಗುವುದಿಲ್ಲ ಎಂದು ತಲೆ ಹೇಳುತ್ತಿತ್ತು. ಬಹುಶಃ ಎನ್ನುವ ಮಾತು ಬರೆಯುವಾಗ ಬಹಳ ಚಂದ, ಬಸುರಿಯ ಮುಂದೆ ನಿಂತಾಗ ಅಲ್ಲ.

“ಎಷ್ಟು ತಿಂದ್ರಿ?” ಎಂದು ಸೊಸೆಯನ್ನು ಕೇಳಿದೆ. ಅತ್ತೆ ಅವಳ ಬೆನ್ನಿಗೇ ನಿಂತಿದ್ದಳು. “ತಿಂದ್ನಿ ಬಿಡ್ರಿ,” ಎಂದಳು ಸೊಸೆ, ನೆಲ ನೋಡುತ್ತ. ಮುಂದಿನ ವಾರ ಅವಳ ಅಣ್ಣ ಬಂದು ಹೆರಿಗೆಗೆಂದು ಕೊಕ್ಕನೂರಿಗೆ ಕರೆದುಕೊಂಡು ಹೋದ. ಅಲ್ಲಿಯ ತನಕವೂ ಅತ್ತೆ ಅವಳನ್ನು ನನ್ನ ಜೊತೆ ಒಂಟಿಯಾಗಿ ಬಿಡಲಿಲ್ಲ, ನಾನು ಮದ್ದು ಕಕ್ಕಿಸಿಬಿಡುತ್ತೇನೆಂಬ ಭಯ. ಆ ದಿನಗಳಲ್ಲಿ ನನ್ನ ನಿದ್ದೆ ಕೆಟ್ಟಿತು. ಇನ್ನೊಂದು ಹೇಂಟೆಗೆ ಸೂಜಿ ಚುಚ್ಚಲು ಕೈ ಬರಲಿಲ್ಲ. ದೇವರನ್ನು ನಂಬದ ನಾನು ಊರಮ್ಮನ ಗುಡಿಯ ಮುಂದೆ ಹಾದುಹೋಗುವಾಗ, ಹೆಣ್ಣಾದರೂ ಆಗಲಿ, ಗಂಡಾದರೂ ಆಗಲಿ, ಒಂದು ಸರಿಯಾಗಿ ಆಗಲಿ ತಾಯಿ ಎಂದು ಕಣ್ಣು ಮುಚ್ಚುತ್ತಿದ್ದೆ.

ಹೆರಿಗೆ ಕಷ್ಟವಾಗಿ ಅವಳನ್ನು ಎತ್ತಿನಗಾಡಿಯಲ್ಲಿ ಹರಿಹರದ ಆಸ್ಪತ್ರೆಗೆ ತಂದರು. ಸುದ್ದಿ ಬಂದ ಕೂಡಲೇ ಮನೆಯೊಡತಿ ಮಗನನ್ನು ಗಿರಣಿಯಿಂದ ಎಳೆದುಕೊಂಡು ಬಸ್ಸು ಹತ್ತಿದಳು. ನಾನೂ ಹತ್ತಿದೆ. ಅವಳು ಬಸ್ಸಿನಲ್ಲಿ ಮೊಮ್ಮಗನ ಹೆಸರು ಯೋಚಿಸುತ್ತಿದ್ದಳು. ನಾನು ಕೆಂಪುದಾರಕ್ಕೆ ಚುಚ್ಚಿದ ಇಂಜೆಕ್ಷನ್ನುಗಳನ್ನು ಎಣಿಸುತ್ತಿದ್ದೆ.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ತಾಯಿಯೂ ಕೂಸೂ ಕ್ಷೇಮವಾಗಿದ್ದರು. ಮನೆಯೊಡತಿ ಸೊಸೆಯ ಮುಖವನ್ನೂ ನೋಡದೆ ಕೂಸಿನ ಅರಿವೆ ಬಿಚ್ಚಿದಳು. ನೋಡಿದಳು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಾನು ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ಹೆಣ್ಣು. ಎಲ್ಲ ಅಂಗವೂ ಅಚ್ಚುಕಟ್ಟಾಗಿದ್ದ, ಏನೊಂದು ಊನವಿಲ್ಲದ, ಪೂರಾ ಹೆಣ್ಣು. ನನ್ನ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಗಿ, ಕೂಸನ್ನು ತಾಯಿಯ ಪಕ್ಕಕ್ಕೆ ಮಲಗಿಸಿ, ಆ ವಾರ್ಡಿನಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ. ಹೆಣ್ಣು ಹುಟ್ಟಿತೆಂದು ಅಳುತ್ತಿದ್ದೇನೆ ಎಂದುಕೊಂಡು ಪಕ್ಕದ ಮಂಚದವಳು ನನಗೆ ಸಮಾಧಾನ ಹೇಳಿದಳು.

ಮನೆಯೊಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ಆತು. ಇನ್ನ ಕಾಯೋದೇನೈತೆ? ಏ ಮಗನ, ನಡಿ. ಇಲ್ಲಿಂದ ಭಾನುವಳ್ಳಿಗೆ ಬಸ್ಸೈತೆ. ಇವತ್ತೇ ಮಾತು ಕೊಟ್ಟು ಬರಾಣ.”

“ಹೂಂ ಅವ್ವ,” ಎಂದ ಮಗ.

“ಅತ್ತೀ!”

ಯಾರ ದನಿ ಎಂದು ನಾನೇ ತಿರುಗಿ ನೋಡಿದೆ. ಸೊಸೆ ಮಂಚದ ಮೇಲೆ ಎದ್ದು ಕೂತಿದ್ದಳು. ಕೂದಲು ಕೆದರಿತ್ತು, ಮುಖ ಬಿಳಿಚಿತ್ತು, ದನಿ ಮಾತ್ರ ವಾರ್ಡಿನ ಆ ತುದಿಯಲ್ಲಿ ಮಲಗಿದ್ದ ಕೂಸನ್ನೂ ಎಬ್ಬಿಸಿತು.

“ನಿಲ್ರಿ ಅಲ್ಲೇ. ಜ್ವಾಳ ಬಿತ್ತಿ ಶೇಂಗಾ ಬರಲಿಲ್ಲ ಅಂತ ಹೊಲ ಬಿಟ್ಟು ಹೋಗ್ತೀರೇನು? ಮೇಡಮ್ಮಾರು ಅವತ್ತು ಹೇಳಿದ್ದು ನಂಗೂ ಕೇಳಿಸೈತೆ. ಬಿತ್ತಿದೋರು ನಿಮ್ಮ ಮಗ. ಭಾನುವಳ್ಳಿಂದ ಇನ್ನೊಂದು ಹೊಲ ತರ್ರಿ, ಬ್ಯಾಡ ಅನ್ನಲ್ಲ. ಬೀಜ ಯಾವೂರಿಂದ ತರ್ತೀರಿ? ಬಿತ್ತೋ ಕೂರಿಗೆ ಇದೇ ಅಲ್ಲೇನು?”

ಕಂಬಳಿ ಹಂಚುತ್ತಿದ್ದ ನರ್ಸು ಬಾಯಿಗೆ ಕೈ ಹಿಡಿದು ಓಡಿದಳು. ವಾರ್ಡಿನ ಬಾಣಂತಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂರಿಗೆಯೆಂದು ಕರೆಸಿಕೊಂಡ ಮಗ, ಹುಟ್ಟಿದಾಗಿನಿಂದ ಮೊದಲ ಸಲ, “ಹೂಂ ಅವ್ವ” ಎನ್ನಲೂ ಆಗದೆ ಗೋಡೆ ನೋಡಿದ.

“ಬರ್ಲಿ ಆಕಿ,” ಸೊಸೆ ನಿಲ್ಲಿಸಲಿಲ್ಲ. “ನನ್ನ ಹೊಸ್ತಿಲು ದಾಟ್ಲಿ, ನೋಡ್ಕಂತೀನಿ. ನಾಲ್ಕು ಮಕ್ಳನ್ನ ಕಟ್ಕಂಡು ನಾನು ಎಲ್ಲಿಗೂ ಹೋಗಲ್ಲ. ಹೋಗೋರಿದ್ರ ನೀವು ಹೋಗ್ರಿ!”

ಇದ್ದಕ್ಕಿದ್ದಂತೆ ಮನೆಯೊಡತಿಯ ಮುಖದ ಬಣ್ಣ ಹೋಯಿತು. ನನ್ನ ರಟ್ಟೆ ಹಿಡಿದು ದರದರ ಹೊರಗಿನ ಜಗಲಿಗೆ ಎಳೆದುಕೊಂಡು ಬಂದಳು.

“ಮೇಡಮ್ಮ, ಕೆಟ್ಟೆ! ಮದ್ದು ಕೂಸಿಗೆ ಹತ್ತಿಲ್ಲ. ಈಕೀಗೆ ಹತ್ತೈತೆ!”

ನನಗೆ ನಗು ಒತ್ತಿ ಬಂತು. ಕೆಮ್ಮಿ ಅಡಗಿಸಿದೆ. “ಹಂಗೇ ಕಾಣ್ತೈತೆ,” ಎಂದೆ.

“ಕಕ್ಕಿಸಾಕ ಬರ್ತೈತೇನು?”

“ಬರೋದಿಲ್ಲ.”

“ತಾನಾಗೇ ಇಳೀತೈತೇನು?”

ಇಂಜೆಕ್ಷನ್ ನಿಲ್ಲಿಸಿದರೆ ಕೆಲವೇ ವಾರದಲ್ಲಿ ಹಾರ್ಮೋನಿನ ಪ್ರಭಾವ ಇಳಿಯುತ್ತದೆ ಎನ್ನುವುದು ಸತ್ಯ. ನಾನು ಅದನ್ನು ಮುಂದೆ ನನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಬರೆದಿದ್ದೇನೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಆಸ್ಪತ್ರೆಯ ಜಗಲಿಯಲ್ಲಿ ನಾನು ಹೇಳಿದ್ದು ಬೇರೆ.

“ಇಳಿಯೋದಿಲ್ಲ ಅವ್ವ. ವಯಸ್ಸಾದಂಗೆ ಏರ್ತೈತೆ.”

“ಅಯ್ಯೋ ಶಿವನೆ! ಹಂಗಾದ್ರ... ಇನ್ನೊಬ್ಬಾಕೀನ ತಂದ್ರ?”

“ನೀವೇ ಕಣ್ಣಾರೆ ನೋಡೀರಲ್ಲ. ಹೊಸ ಕೋಳಿ ತಂದು ಬಿಟ್ಟಾಗ ಕೆಂಪುದಾರ ಏನು ಮಾಡ್ತು?”

ಭಾನುವಳ್ಳಿಯ ಬಸ್ಸು ನಮ್ಮ ಮುಂದೆಯೇ ಹಾದುಹೋಯಿತು. ಅದರ ಕಡೆ ಅವಳು ತಲೆ ಎತ್ತಿಯೂ ನೋಡಲಿಲ್ಲ. ಮಗನನ್ನು ಕರೆದು, ಬಾಣಂತಿಗೆ ಬಿಸಿಹಾಲು ತಂದುಕೊಡು ಎಂದಳು. ಆಮೇಲೆ ಆ ಮನೆಯಲ್ಲಿ ಎರಡನೇ ಸಂಬಂಧದ ಮಾತು ಎಂದೂ ಬರಲಿಲ್ಲ. ಆ ಮನೆಯ ಅಂಗಳ ಬಹಳ ದಿನ ಅತ್ತೆಯೇ ಗುಡಿಸಿದ್ದನ್ನು ನಾನು ನೋಡಿದ್ದೇನೆ.

ಅವತ್ತು ತಾಯಿ ಮಗ ಇಬ್ಬರೂ ಹಾಲು ತರಲು ಹೋದಾಗ ನಾನು ಒಳಗೆ ಬಂದು ಸೊಸೆಯ ಮಂಚದ ಮೇಲೆ ಕೂತೆ. ಮೊದಲ ಸಲ ನಾವಿಬ್ಬರೇ ಇದ್ದೆವು. ತಿಂಗಳುಗಟ್ಟಲೆ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

“ಆ ಕೋಳಿ ತಿಂದ ಮೇಲೆ ಮೈಯಾಗ ಏನಾದ್ರೂ ಆತೇನ್ರಿ? ಮುಖದ ಮ್ಯಾಲೆ ಕೂದ್ಲು, ದನಿ ದಪ್ಪ ಆಗೋದು, ಸುಮ್‌ಸುಮ್ನೆ ಸಿಟ್ಟು?”

“ನಾನೆಲ್ಲಿ ತಿಂದ್ನಿ?” ಎಂದಳು. “ಬಸುರ್ಯಾಗ ಮಾಂಸದ ವಾಸನಿಗೇ ಆಗ್ತಿರ್ಲಿಲ್ಲ. ಗಡಿಗ್ಯಾಗಿದ್ದದ್ದೆಲ್ಲಾ ನಿಮ್ಮ ಗುರುಗಳ ತಾಟಿಗೆ ಹಾಕಿದ್ನಲ್ಲ. ಕಲ್ಲುಗಂಟೂ ಅವ್ರೇ ತಿಂದ್ರು, ಭಾಳ ಚೊಲೋ ಐತೆ ಅಂದ್ರು. ಎಲುಬು ಎತ್ತಿ ನನ್ನ ತಾಟಿನಾಗ ಇಟ್ಕಂಡೆ, ಅಷ್ಟೇ.”

ಸಾಕ್ಷಿಗಾಗಿ ಧಾರವಾಡದಿಂದ ಬಂದವರು ಸಾಕ್ಷಿಯನ್ನೇ ತಿಂದು ತೇಗಿ ಹೋಗಿದ್ದರು! ನಾನು ಮಂಚ ಅಲ್ಲಾಡುವಂತೆ ನಕ್ಕೆ. ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ನನಗೆ ಹೊಳೆಯಿತು.

“ಹಂಗಾದ್ರ ಈಗ ಬಂತಲ್ಲ, ಆ ದನಿ?”

“ನಂದೇ ರೀ,” ಎಂದು ಅವಳು ಕೂಸಿಗೆ ಕೈ ಚಾಚಿದಳು. “ಮೊದ್ಲಿಂದಾನೂ ಇತ್ತು. ಹ್ಯಾಟೆ ಕೂಗಿದ್ರ ಕೊಯ್ತಾರಲ್ಲ, ಅದಕ್ಕ ಸುಮ್ನಿದ್ದೆ.”